ಮಗ ಜ್ಯಾಕ್ ಕೇಳಿದಾಗ



ಕಳೆದ ತಿಂಗಳು ಯಲಬುರ್ಗಾ ತಾಲೂಕಿನ ಒಬ್ಬ ತಾಯಿ ನನಗೆ ಫೋನ್ ಮಾಡಿದ್ದರು. ಮಕ್ಕಳ ಓದಿನ ವಿಷಯ ಇರಬಹುದೆಂದು ನಾನು ಭಾವಿಸಿದೆ. ಆದರೆ ಅವರು ಕೇಳಿದ್ದೇ ಬೇರೆ. "ಟೀಚರ್, ನನ್ನ ಮಗ ಹಳೆಯ ಮಾರುತಿ ಕಾರು ತಂದಿದ್ದಾನೆ. ಗ್ಯಾರೇಜಿಗೆ ಹೋದರೆ ಒಂದು ದಿನ ಹಾಳು, ಮೇಲೆ ಹಣ ಬೇರೆ. ನಾನೇ ಮನೆಯಲ್ಲಿ ರಿಪೇರಿ ಮಾಡಿಕೊಳ್ಳುತ್ತೇನೆ, ಗ್ಯಾರೇಜಿನಲ್ಲಿ ಇರುವಂಥ ಚಕ್ರದ ಜ್ಯಾಕ್ ಒಂದು ಕೊಡಿಸು ಎನ್ನುತ್ತಿದ್ದಾನೆ. ಕೊಡಿಸಲೋ ಬೇಡವೋ ತಿಳಿಯುತ್ತಿಲ್ಲ. ಕಾರಿನ ಕೆಳಗೆ ಮಲಗುವ ಮಗನನ್ನು ನೋಡಿದರೆ ನನ್ನ ಎದೆ ಡವಡವ ಎನ್ನುತ್ತದೆ" ಎಂದರು.

ಮದ್ರಸದಲ್ಲಿ ಓದಿ, ಆಮೇಲೆ ಬಿ.ಎ. ಮಾಡಿ, ಮಕ್ಕಳಿಗೆ ಪಾಠ ಹೇಳುವ ನನಗೆ ಜ್ಯಾಕಿನ ವಿದ್ಯೆ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಬಂದ ದಾರಿಯನ್ನು ಮುಂದೆ ಹೇಳುತ್ತೇನೆ. ಅದು ಸಂತೋಷದ ದಾರಿಯಲ್ಲ. ಮೊದಲು ಆ ತಾಯಿಗೆ ಕೊಟ್ಟ ಉತ್ತರವನ್ನು ನಿಮ್ಮೊಡನೆಯೂ ಹಂಚಿಕೊಳ್ಳುತ್ತೇನೆ. ಏಕೆಂದರೆ ಇಂದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಯಾವ ಓಣಿಗೆ ಹೋದರೂ ಒಂದೆರಡು ಕಾರುಗಳು ನಿಂತಿರುತ್ತವೆ. ಮಾರುತಿ 800 ಕಾರಿನ ತಯಾರಿಕೆ 2014ರಲ್ಲೇ ನಿಂತಿತು. ಓಮ್ನಿ 2019ರಲ್ಲಿ ನಿಂತಿತು. ಆದರೂ ಅವೆರಡೂ ನಮ್ಮ ಕಡೆ ಇನ್ನೂ ಓಡುತ್ತಿವೆ. ಒಂದರಲ್ಲಿ ತರಕಾರಿ ಹೋಗುತ್ತದೆ, ಇನ್ನೊಂದರಲ್ಲಿ ಮದುವೆಯ ಪಾತ್ರೆ ಹೋಗುತ್ತದೆ, ರಾತ್ರಿ ಹೊತ್ತು ಯಾರಿಗಾದರೂ ಹೆರಿಗೆ ನೋವು ಬಂದರೆ ಅದೇ ಗಾಡಿ ಆಸ್ಪತ್ರೆಗೆ ಓಡುತ್ತದೆ. ಹಳೆಯ ಗಾಡಿ ಎಂದ ಮೇಲೆ ರಿಪೇರಿ ತಪ್ಪಿದ್ದಲ್ಲ. ಮನೆಯಲ್ಲೇ ಮಾಡಿಕೊಂಡರೆ ನಾಲ್ಕು ಕಾಸು ಉಳಿಯುತ್ತದೆ ಎಂಬ ಲೆಕ್ಕವೂ ತಪ್ಪಲ್ಲ.

ಕಾರಿನ ಕೆಳಗೆ ಮಲಗುವವರು ಗಂಡಸರು. ಆದರೆ ಟಾರ್ಚ್ ಹಿಡಿದು ನಿಲ್ಲುವವರು, ಪಾನಾ ಎತ್ತಿ ಕೊಡುವವರು, ಬೇಡಿದ ಸಾಮಾನು ತಂದುಕೊಡುವವರು ಯಾರು? ನಾವೇ. ಹೆಚ್ಚಿನ ಮನೆಗಳಲ್ಲಿ ಜ್ಯಾಕಿಗೆ ಬೇಕಾದ ಹಣವನ್ನು ಡಬ್ಬಿಯಿಂದ ತೆಗೆದು ಕೊಡುವವರೂ ನಾವೇ. ಆದ್ದರಿಂದ ಇದು ಗಂಡಸರ ವಿಷಯವೆಂದು ಪುಟ ತಿರುಗಿಸಬೇಡಿ.

ಮೂರು ಬಗೆಯ ಜ್ಯಾಕ್

ಕಾರಿನ ಜೊತೆಗೇ ಕಂಪೆನಿ ಕೊಡುವ ಪುಟ್ಟ ಜ್ಯಾಕನ್ನು ನೀವು ನೋಡಿರುತ್ತೀರಿ. ನಾಲ್ಕು ಕಬ್ಬಿಣದ ಕಾಲುಗಳು ಕತ್ತರಿಯಂತೆ ತೆರೆದುಕೊಳ್ಳುತ್ತವೆ, ನಡುವೆ ಒಂದು ಉದ್ದ ಸ್ಕ್ರೂ ಇರುತ್ತದೆ. ಇದು ದಾರಿಯಲ್ಲಿ ಟಯರ್ ಪಂಕ್ಚರ್ ಆದಾಗ ಚಕ್ರ ಬದಲಿಸಲು ಮಾತ್ರ. ಇದರ ಪಾದ ಅಂಗೈಯಷ್ಟು ಅಗಲವಿದ್ದರೆ ಹೆಚ್ಚು. ಇದನ್ನು ನಂಬಿ ಕಾರಿನ ಕೆಳಗೆ ಕೈಯನ್ನೂ ಹಾಕಬಾರದು.

ಎರಡನೆಯದು ಬಾಟಲಿ ಜ್ಯಾಕ್. ಲಾರಿಯವರ, ಟ್ರ್ಯಾಕ್ಟರಿನವರ ಬಳಿ ಇರುತ್ತದೆ. ನೆಟ್ಟಗೆ ನಿಲ್ಲಿಸಿದ ಬಾಟಲಿಯಂತೆ ಕಾಣುವುದರಿಂದ ಆ ಹೆಸರು. ಇದಕ್ಕೆ ಶಕ್ತಿ ಬಹಳ. ಆದರೆ ಇದೇ ಎತ್ತರವಾಗಿರುವುದರಿಂದ ಸಣ್ಣ ಕಾರಿನ ಕೆಳಗೆ ತೂರುವುದೇ ಕಷ್ಟ. ತೂರಿದರೂ ಅದರ ತಳ ಕಿರಿದು. ಕಾರು ಸ್ವಲ್ಪ ಸರಿದರೆ ಅದು ವಾಲುತ್ತದೆ.

ಮೂರನೆಯದು ಆ ಹುಡುಗ ಕೇಳಿದ್ದು. ಇದನ್ನು ಟ್ರಾಲಿ ಜ್ಯಾಕ್ ಅಥವಾ ಫ್ಲೋರ್ ಜ್ಯಾಕ್ ಎನ್ನುತ್ತಾರೆ. ಉದ್ದನೆಯ ಕಬ್ಬಿಣದ ಚೌಕಟ್ಟು, ಕೆಳಗೆ ನಾಲ್ಕು ಚಕ್ರ, ಮುಂದೆ ಕಾರನ್ನು ಎತ್ತುವ ಬಟ್ಟಲು, ಹಿಂದೆ ಉದ್ದದ ಹಿಡಿಕೆ. ಹಿಡಿಕೆಯನ್ನು ಬೋರಿಂಗ್ ಪಂಪಿನಂತೆ ಮೇಲೆ ಕೆಳಗೆ ಒತ್ತಿದರೆ ಕಾರು ಮೇಲೇಳುತ್ತದೆ.

ಮಣಭಾರದ ಕಾರನ್ನು ಒಂದು ಕೈ ಹೇಗೆ ಎತ್ತುತ್ತದೆ? ಒಳಗೆ ಎಣ್ಣೆ ಇರುತ್ತದೆ. ಸಣ್ಣ ಕೊಳವೆಯಲ್ಲಿ ಒತ್ತಿದ ಎಣ್ಣೆ ದೊಡ್ಡ ಕೊಳವೆಗೆ ಹೋಗುತ್ತದೆ. ಮುಚ್ಚಿದ ದ್ರವದ ಮೇಲೆ ಬಿದ್ದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂಬುದು ಪಾಸ್ಕಲನ ನಿಯಮ, ಶಾಲೆಯ ವಿಜ್ಞಾನದಲ್ಲಿ ನಿಮ್ಮ ಮಕ್ಕಳು ಇದನ್ನು ಓದುತ್ತಾರೆ. ದೊಡ್ಡ ಕೊಳವೆಯ ಬಾಯಿಯ ವಿಸ್ತೀರ್ಣ ಸಣ್ಣದರ 20 ಪಟ್ಟು ಇದ್ದರೆ ಬಲವೂ 20 ಪಟ್ಟಾಗುತ್ತದೆ. ಆದರೆ ಅದು ಏರುವುದು ಇಪ್ಪತ್ತರಲ್ಲಿ ಒಂದು ಪಾಲು ಮಾತ್ರ. ಅದಕ್ಕೇ ಮತ್ತೆ ಮತ್ತೆ ಪಂಪ್ ಮಾಡಬೇಕು. ಹಿಡಿಕೆ ಉದ್ದವಿದ್ದಷ್ಟೂ ಶ್ರಮ ಕಡಿಮೆ.

ಇಲ್ಲಿ ಒಂದು ಮಾತನ್ನು ಗಂಟು ಹಾಕಿಕೊಳ್ಳಿ. ಮೇಲೇರಿದ ಕಾರನ್ನು ಹಿಡಿದಿರುವುದು ಆ ಎಣ್ಣೆ, ಅದನ್ನು ತಡೆದಿರುವುದು ಒಂದು ಪುಟ್ಟ ವಾಲ್ವ್ ಮತ್ತು ರಬ್ಬರಿನ ಬಳೆಗಳು. ಕುಕ್ಕರಿನ ಗ್ಯಾಸ್ಕೆಟ್ ಎಷ್ಟು ದಿನ ಬಾಳುತ್ತದೆಂದು ನಮಗೆ ಗೊತ್ತು. ಈ ರಬ್ಬರ್ ಕೂಡ ಒಂದು ದಿನ ಸವೆಯುತ್ತದೆ, ಒಣಗುತ್ತದೆ, ಸೀಳುತ್ತದೆ. ಯಾವ ದಿನ ಎಂದು ಅದು ಮೊದಲೇ ಹೇಳುವುದಿಲ್ಲ. ಆದ್ದರಿಂದ ಜ್ಯಾಕ್ ಇರುವುದು ಎತ್ತಲು, ಹಿಡಿದು ನಿಲ್ಲಿಸಲು ಅಲ್ಲ. ಹಿಡಿದು ನಿಲ್ಲಿಸುವುದು ಸ್ಟ್ಯಾಂಡಿನ ಕೆಲಸ.

ಆ ಎರಡು ಇಟ್ಟಿಗೆಗಳು

ಈಗ ನಾನು ಈ ವಿದ್ಯೆ ಕಲಿತ ಬಗೆಯನ್ನು ಹೇಳುತ್ತೇನೆ.

2007ರ ಬೇಸಿಗೆ. ಕುಷ್ಟಗಿಯಲ್ಲಿದ್ದ ನಮ್ಮ ತವರುಮನೆ. ನನ್ನ ತಮ್ಮ ಓಮ್ನಿ ಓಡಿಸಿ ಜೀವನ ಮಾಡುತ್ತಿದ್ದ. ಒಂದು ಮಧ್ಯಾಹ್ನ ಗಾಡಿಯ ಸೈಲೆನ್ಸರ್ ಪೈಪ್ ಕಳಚಿತ್ತು. ಅಂಗಳದಲ್ಲೇ ಕತ್ತರಿ ಜ್ಯಾಕ್ ಹಚ್ಚಿ ಗಾಡಿ ಎತ್ತಿದ. "ಆಪಾ, ಕೆಳಗೆ ಇಡಲು ಏನಾದರೂ ಕೊಡು" ಎಂದ. ಹಿತ್ತಲಿನಲ್ಲಿ ಗೋಡೆ ಕಟ್ಟಿ ಉಳಿದ ಇಟ್ಟಿಗೆಗಳಿದ್ದವು. ಎರಡನ್ನು ಎತ್ತಿ ತಂದುಕೊಟ್ಟೆ. ಒಂದರ ಮೇಲೊಂದು ಇಟ್ಟ. ಜ್ಯಾಕ್ ಸ್ವಲ್ಪ ಇಳಿಸಿ ಭಾರವನ್ನು ಇಟ್ಟಿಗೆಯ ಮೇಲೆ ಬಿಟ್ಟ. ಗಾಡಿಯ ಕೆಳಗೆ ಮಲಗಿ ಕೆಲಸ ಮಾಡಿದ.

ಅಮ್ಮಿ ಒಳಗಿನಿಂದ ಊಟಕ್ಕೆ ಕರೆದರು. ಅವನು ಹೊರಗೆ ಸರಿದ. ಇನ್ನೊಂದು ಬೋಲ್ಟ್ ಬಿಗಿಮಾಡಿ ಬರುತ್ತೇನೆಂದು ಬಲಗೈಯನ್ನಷ್ಟೇ ಒಳಗೆ ಹಾಕಿದ. ಆಗ ಇಟ್ಟಿಗೆ ಒಡೆಯಿತು. ಸಪ್ಪಳ ದೊಡ್ಡದೇನೂ ಇರಲಿಲ್ಲ. ಕೈಯಿಂದ ಜಾರಿದ ಮಡಕೆ ನೆಲಕ್ಕೆ ಬಿದ್ದಷ್ಟೇ. ಬಲಗೈಯ ಎರಡು ಬೆರಳುಗಳು ಹೋದವು. ಎರಡು ನಿಮಿಷ ಮೊದಲು ಒಡೆದಿದ್ದರೆ ಏನಾಗುತ್ತಿತ್ತೆಂದು ಅಮ್ಮಿ ಬದುಕಿರುವವರೆಗೆ ಬಾಯಿಬಿಟ್ಟು ಹೇಳಲಿಲ್ಲ. ನಾವೂ ಕೇಳಲಿಲ್ಲ.

ತಮ್ಮ ಈಗ ಕಿರಾಣಿ ಅಂಗಡಿ ಇಟ್ಟುಕೊಂಡಿದ್ದಾನೆ. ಎಡಗೈಯಿಂದ ನೋಟು ಎಣಿಸುತ್ತಾನೆ. ಒಂದು ದಿನವೂ ನನ್ನನ್ನು ದೂರಿಲ್ಲ. ಆದರೆ ಇಟ್ಟಿಗೆ ತಂದುಕೊಟ್ಟವಳು ನಾನು. ಕೊಡುವ ಮುನ್ನ "ಇದು ತಡೆಯುತ್ತದೆಯೇ?" ಎಂದು ಒಂದು ಮಾತು ಕೇಳಲಿಲ್ಲ. ಆ ಮೇಲೆ ಸಿಕ್ಕ ಸಿಕ್ಕ ಮಿಸ್ತ್ರಿಗಳನ್ನೆಲ್ಲ ಕೇಳಿದೆ, ಅವರ ಕೆಲಸ ನೋಡಿದೆ. ನಾನು ಬರೆಯುತ್ತಿರುವುದು ಹಾಗೆ ಕೇಳಿ ಕಲಿತದ್ದು.

ಇಟ್ಟಿಗೆ ಏಕೆ ಒಡೆಯಿತು? ಗೋಡೆಯಲ್ಲಿ ಭಾರ ಇಟ್ಟಿಗೆಯ ಇಡೀ ಮೈಮೇಲೆ ಸಮನಾಗಿ ಹರಡುತ್ತದೆ. ಕಾರಿನ ಕೆಳಗೆ ಹಾಗಲ್ಲ. ಕಬ್ಬಿಣದ ಒಂದು ಅಂಚು ಒಂದೇ ಗೆರೆಯಲ್ಲಿ ಒತ್ತುತ್ತದೆ. ಮೇಲಿನಿಂದ ಬೋಲ್ಟ್ ತಿರುಗಿಸುವ ಅಲುಗಾಟ ಬೇರೆ. ಕಬ್ಬಿಣವಾದರೆ ಬಾಗಿ ಮುನ್ಸೂಚನೆ ಕೊಡುತ್ತದೆ. ಇಟ್ಟಿಗೆ, ಸಿಮೆಂಟ್ ಬ್ಲಾಕ್, ಕಲ್ಲು ಇವು ಯಾವ ಸೂಚನೆಯೂ ಇಲ್ಲದೆ ಒಮ್ಮೆಲೇ ಸೀಳುತ್ತವೆ. ನಿಮ್ಮ ಮನೆಯಲ್ಲಿ ಯಾರೇ ಕೇಳಿದರೂ ಕಾರಿನ ಕೆಳಗಿಡಲು ಇವನ್ನು ಎತ್ತಿಕೊಡಬೇಡಿ.

ಮೊದಲು ನೆಲ ನೋಡಿ

ಜ್ಯಾಕ್ ಕೊಳ್ಳುವ ಮಾತು ಬಂದಾಗ ಎಲ್ಲರೂ ಅಂಗಡಿಗೆ ಓಡುತ್ತಾರೆ. ನಾನು ಹೇಳುವುದು, ಮೊದಲು ನಿಮ್ಮ ಅಂಗಳಕ್ಕೆ ಬನ್ನಿ.

ಟ್ರಾಲಿ ಜ್ಯಾಕಿಗೆ ಚಕ್ರ ಇಟ್ಟಿರುವುದು ಎಳೆದುಕೊಂಡು ಹೋಗಲು ಮಾತ್ರ ಎಂದು ನಾನೂ ತಿಳಿದಿದ್ದೆ. ನಿಜವಾದ ಕಾರಣ ಬೇರೆ. ಅದರ ತೋಳು ಮೇಲೇಳುವಾಗ ನೆಟ್ಟಗೆ ಏಳುವುದಿಲ್ಲ, ಬಾಗಿಲು ತೆರೆದಂತೆ ಬಳಸಿ ಏಳುತ್ತದೆ. ಆಗ ಬಟ್ಟಲು ಕಾರಿನ ಕೆಳಗೆ ಇದ್ದಲ್ಲೇ ಇರಬೇಕಾದರೆ ಜ್ಯಾಕ್ ತಾನೇ ಸ್ವಲ್ಪ ಉರುಳಿ ಸರಿಯಬೇಕು. ಚಕ್ರ ಮಣ್ಣಿನಲ್ಲಿ ಹೂತರೆ ಅಥವಾ ಕಲ್ಲಿನ ಸಂದಿಯಲ್ಲಿ ಸಿಕ್ಕಿದರೆ ಜ್ಯಾಕ್ ಸರಿಯುವುದಿಲ್ಲ. ಬದಲಿಗೆ ಬಟ್ಟಲು ಕಾರಿನಿಂದ ಜಾರುತ್ತದೆ, ಇಲ್ಲವೇ ಕಾರು ಸರಿಯುತ್ತದೆ. ಗ್ಯಾರೇಜಿನ ಗಟ್ಟಿ ಸಿಮೆಂಟ್ ನೆಲದ ಮೇಲೆ ಒಳ್ಳೆಯದೆನಿಸಿದ ಅದೇ ಜ್ಯಾಕ್ ನಮ್ಮ ಅಂಗಳದಲ್ಲಿ ಕೈಕೊಡುವುದು ಇದರಿಂದಲೇ.

ನಮ್ಮ ಜಿಲ್ಲೆಯ ನೆಲ ಒಂದೇ ಬಗೆಯದಲ್ಲ. ಯಲಬುರ್ಗಾ ಕಡೆ ಎರೆಮಣ್ಣು. ಬೇಸಿಗೆಯಲ್ಲಿ ಬಿರುಕು ಬಿಟ್ಟು ಗಟ್ಟಿಯಾದಂತೆ ಕಾಣುತ್ತದೆ, ಒಂದು ಮಳೆ ಬಿದ್ದರೆ ಚಪ್ಪಲಿಯನ್ನೇ ಬಿಡುವುದಿಲ್ಲ. ಕುಷ್ಟಗಿ ಕಡೆ ಮಸಾರಿ ನೆಲವೂ ಉಂಟು, ಅದರ ಮೇಲಿನ ಹರಳು ಉರುಳುತ್ತದೆ. ಗಂಗಾವತಿಯಲ್ಲಿ ತುಂಗಭದ್ರೆಯ ಕಾಲುವೆ ನೀರಿನ ಭತ್ತದ ಗದ್ದೆಗಳು ಊರಿನ ಅಂಚಿಗೇ ಬಂದಿವೆ. ಗರಸು ಹಾಕಿದ ಅಂಗಳವೂ ಒಳಗೆ ಹಸಿಯಾಗಿರುತ್ತದೆ. ಹಳೆಯ ಮನೆಗಳ ಮುಂದೆ ಶಹಾಬಾದ್ ಕಲ್ಲಿನ ಹಾಸು ಇರುತ್ತದೆ. ಹೊಸ ಮನೆಗಳ ಪೋರ್ಟಿಕೊದಲ್ಲಿ ನುಣುಪು ಗ್ರಾನೈಟ್ ಇರುತ್ತದೆ, ಅದರ ಮೇಲೆ ಒಂದು ಹನಿ ಎಣ್ಣೆ ಬಿದ್ದರೆ ಜ್ಯಾಕೂ ಜಾರುತ್ತದೆ, ಮನುಷ್ಯರೂ ಜಾರುತ್ತಾರೆ. ಮನೆ ಮುಂದಿನ ಡಾಂಬರು ರಸ್ತೆ ಇದೆಯಲ್ಲ ಎನ್ನುತ್ತೀರಾ? ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಡಾಂಬರು ಮೆತ್ತಗಾಗಿ ಸ್ಟ್ಯಾಂಡಿನ ಕಾಲು ಒಳಗಿಳಿಯುತ್ತದೆ.

ನೆಲವನ್ನು ಪರೀಕ್ಷಿಸಲು ಇಂಜಿನಿಯರ್ ಬೇಕಿಲ್ಲ. ಮಕ್ಕಳ ಒಂದು ಗೋಲಿಯನ್ನು ನೆಲದ ಮೇಲಿಡಿ. ಅದು ತಾನಾಗಿ ಉರುಳಿದರೆ ಅಲ್ಲಿ ಕಾರು ಎತ್ತಬೇಡಿ. ಕಲ್ಲಿನ ಹಾಸಿದ್ದರೆ, ಮಡಕೆ ಕೊಳ್ಳುವಾಗ ಬಡಿದು ನೋಡುವಂತೆ ಮುಷ್ಟಿಯಿಂದ ಬಡಿಯಿರಿ. ಟೊಳ್ಳು ಶಬ್ದ ಬಂದರೆ ಕಲ್ಲಿನ ಕೆಳಗೆ ಮಣ್ಣು ಕುಸಿದಿದೆ. ಜ್ಯಾಕಿನ ಕಬ್ಬಿಣದ ಚಕ್ರ ಬಿದ್ದರೆ ಆ ಕಲ್ಲು ಸೀಳುತ್ತದೆ. ಗಟ್ಟಿಯಾಗಿಯೇ ಇದ್ದರೂ ಸಂದಿಗಳ ಮೇಲೆ ದಪ್ಪ ಪ್ಲೈವುಡ್ ಹಲಗೆ ಹಾಸಬೇಕು. ಹಲಗೆ ಎಷ್ಟು ಉದ್ದವಿರಬೇಕೆಂದರೆ, ಜ್ಯಾಕಿನ ನಾಲ್ಕೂ ಚಕ್ರಗಳು ಅದರ ಮೇಲೇ ಇದ್ದು, ಹಿಂದೆ ಮುಂದೆ ಒಂದೊಂದು ಗೇಣು ಉರುಳಲು ಜಾಗವಿರಬೇಕು. ಬರೀ ಮಣ್ಣಿನ ಅಂಗಳವಾದರೆ ಹಲಗೆಯನ್ನೂ ನಂಬಬೇಡಿ. ಕಾರು ನಿಲ್ಲುವಷ್ಟು ಜಾಗಕ್ಕೆ ಕಾಂಕ್ರೀಟ್ ಹಾಕಿಸಿದ ಮೇಲೆಯೇ ಈ ಮಾತು.

ಆಮೇಲೆ ಸ್ಟ್ಯಾಂಡ್

ಸ್ಟ್ಯಾಂಡ್ ಎಂದರೆ ಮೂರು ಅಥವಾ ನಾಲ್ಕು ಕಾಲಿನ ಕಬ್ಬಿಣದ ಗೂಟ. ನಡುವಿನ ಕಂಬವನ್ನು ಮೇಲೆ ಕೆಳಗೆ ಮಾಡಿ ಬೇಕಾದ ಎತ್ತರಕ್ಕೆ ನಿಲ್ಲಿಸಬಹುದು. ಇದರಲ್ಲಿ ಎಣ್ಣೆಯೂ ಇಲ್ಲ, ರಬ್ಬರೂ ಇಲ್ಲ. ಜ್ಯಾಕಿನಿಂದ ಕಾರನ್ನು ಎತ್ತಿ, ಎರಡೂ ಬದಿಗೆ ಒಂದೊಂದು ಸ್ಟ್ಯಾಂಡ್ ಕೊಟ್ಟು, ಜ್ಯಾಕನ್ನು ಮೆಲ್ಲಗೆ ಇಳಿಸಿ ಭಾರವನ್ನು ಸ್ಟ್ಯಾಂಡಿನ ಮೇಲೆ ಬಿಡಬೇಕು. ಇವು ಜೋಡಿಯಾಗಿಯೇ ಸಿಗುತ್ತವೆ. ಒಂದನ್ನೇ ತರುವುದರಲ್ಲಿ ಅರ್ಥವಿಲ್ಲ.

ಕೊಳ್ಳುವಾಗ ಕಂಬವನ್ನು ತಡೆಯುವ ಬೀಗ ಹೇಗಿದೆ ನೋಡಿ. ಕೆಲವದರಲ್ಲಿ ಹಲ್ಲುಗಳ ಸಾಲಿಗೆ ಒಂದು ನಾಲಗೆ ಸಿಕ್ಕಿಕೊಳ್ಳುತ್ತದೆ. ಕೆಲವದರಲ್ಲಿ ತೂತಿಗೆ ದಪ್ಪ ಕಬ್ಬಿಣದ ಪಿನ್ ತೂರಿಸುತ್ತಾರೆ. ಕೆಲವದರಲ್ಲಿ ಎರಡೂ ಇರುತ್ತದೆ, ಅದು ಉತ್ತಮ. 2020ರಲ್ಲಿ ಅಮೆರಿಕದಲ್ಲಿ ಹಲ್ಲಿನ ಬಗೆಯ ಲಕ್ಷಾಂತರ ಸ್ಟ್ಯಾಂಡುಗಳನ್ನು ಮಾರಾಟಗಾರರೇ ಹಿಂದಕ್ಕೆ ಕರೆಸಿಕೊಂಡರು. ನಾಲಗೆ ಹಲ್ಲಿಗೆ ಪೂರ್ತಿ ಕೂಡದೆ, ಕಂಬ ಜಾರಿ ಇಳಿಯುವ ದೋಷ ಅವುಗಳಲ್ಲಿತ್ತು. ಅಲ್ಲಿಯೇ ಹಾಗಾದರೆ ನಾವು ಕಣ್ಣುಮುಚ್ಚಿ ತರಲಾದೀತೇ? ಬೆಸುಗೆ ಸಮನಾಗಿದೆಯೇ, ನಾಲ್ಕು ಕಾಲೂ ನೆಲಕ್ಕೆ ಕೂರುತ್ತವೆಯೇ ಎಂದು ಅಂಗಡಿಯ ನೆಲದ ಮೇಲೇ ಇಟ್ಟು ನೋಡಿ. ಕಾಲು ಕುಂಟುವ ಸ್ಟೂಲನ್ನು ನಾವು ಮನೆಗೆ ತರುವುದಿಲ್ಲವಷ್ಟೆ.

ಜೊತೆಗೆ ಚಕ್ರಕ್ಕೆ ಕೊಡುವ ಎರಡು ಅಡ್ಡೆಗಳು ಬೇಕು. ಇವು ಏಕೆಂದು ಹಲವು ಗಂಡಸರಿಗೂ ಗೊತ್ತಿಲ್ಲ. ಹ್ಯಾಂಡ್‌ಬ್ರೇಕ್ ಎಳೆದಿದ್ದೇನೆ, ಸಾಕು ಎನ್ನುತ್ತಾರೆ. ಆದರೆ ಹೆಚ್ಚಿನ ಕಾರುಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಎರಡು ಚಕ್ರಗಳನ್ನು ಮಾತ್ರ. ಕಾರಿನ ಹಿಂಭಾಗವನ್ನೇ ಎತ್ತಿದರೆ ಆ ಚಕ್ರಗಳು ಗಾಳಿಯಲ್ಲಿ ಇರುತ್ತವೆ, ಬ್ರೇಕ್ ಇದ್ದೂ ಇಲ್ಲದಂತೆ. ಆಲ್ಟೊ, ಸ್ವಿಫ್ಟ್‌ನಂಥ ಕಾರುಗಳಲ್ಲಿ ಇಂಜಿನ್ ಮುಂದಿನ ಚಕ್ರಗಳನ್ನು ತಿರುಗಿಸುವುದರಿಂದ ಗೇರಿನಲ್ಲಿಟ್ಟರೆ ಮುಂದಿನವು ತಡೆಯುತ್ತವೆ. ಓಮ್ನಿ, ಬೊಲೆರೊಗಳಲ್ಲಿ ಇಂಜಿನ್ ತಿರುಗಿಸುವುದು ಹಿಂದಿನ ಚಕ್ರಗಳನ್ನು. ಅವುಗಳ ಹಿಂಭಾಗ ಎತ್ತಿದರೆ ಗೇರೂ ಇಲ್ಲ, ಬ್ರೇಕೂ ಇಲ್ಲ. ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಕೊಟ್ಟ ಅಡ್ಡೆ ಒಂದೇ ಗತಿ.

ಕೊನೆಗೆ ಜ್ಯಾಕ್

ನೆಲ ಸಿದ್ಧವಾಯಿತು, ಸ್ಟ್ಯಾಂಡ್ ಬಂತು. ಈಗ ಜ್ಯಾಕ್ ಕೊಳ್ಳಲು ಹೊರಡಬಹುದು. ಅಂಗಡಿಯಲ್ಲಿ ಐದು ವಿಷಯ ನೋಡಿ.

ಮೊದಲನೆಯದು ಟನ್. ಮಾರುತಿ 800 ಕಾರಿನ ಬರೀ ತೂಕ ಸುಮಾರು 650 ಕಿಲೋ. ಸ್ವಿಫ್ಟ್ ಸುಮಾರು 900 ಕಿಲೋ. ಬೊಲೆರೊ, ಇನ್ನೋವಾಗಳಂಥವು ಒಂದೂವರೆ ಟನ್ನಿಗೂ ಮೇಲೆ. ಜ್ಯಾಕ್ ಇಡೀ ಕಾರನ್ನು ಎತ್ತುವುದಿಲ್ಲ, ಒಂದು ಬದಿಯನ್ನು ಅಥವಾ ಒಂದು ತುದಿಯನ್ನು ಎತ್ತುತ್ತದೆ, ನಿಜ. ಆದರೂ ಇಡೀ ಕಾರಿನ ತೂಕಕ್ಕಿಂತ ಹೆಚ್ಚು ಸಾಮರ್ಥ್ಯದ್ದನ್ನೇ ತರಬೇಕು. ಸಣ್ಣ ಕಾರಿಗೆ 2 ಟನ್, ದೊಡ್ಡ ಗಾಡಿಗೆ 3 ಟನ್ ಎಂದಿಟ್ಟುಕೊಳ್ಳಿ. ಕೆಲವು ಪೆಟ್ಟಿಗೆಗಳ ಮೇಲೆ ಬರೆದಿರುವುದು ಅಮೆರಿಕದ ಟನ್. ಅದು 1000 ಕಿಲೋ ಅಲ್ಲ, ಸುಮಾರು 907 ಕಿಲೋ. ಕಿಲೋ ಲೆಕ್ಕ ಎಲ್ಲಿ ಬರೆದಿದೆ ಎಂದು ಹುಡುಕಿ ಓದಿ.

ಎರಡನೆಯದು ಎತ್ತರ. ಇದರಲ್ಲಿ ಎರಡು ಅಳತೆಗಳಿವೆ. ಜ್ಯಾಕ್ ಪೂರ್ತಿ ಕೆಳಗಿಳಿದಾಗ ಎಷ್ಟು ಎತ್ತರ, ಪೂರ್ತಿ ಮೇಲೇರಿದಾಗ ಎಷ್ಟು ಎತ್ತರ. ನಮ್ಮ ಸಣ್ಣ ಕಾರುಗಳ ತಳ ನೆಲದಿಂದ ಸುಮಾರು 160ರಿಂದ 170 ಮಿಲಿಮೀಟರ್ ಮೇಲಿರುತ್ತದೆ. ಟಯರಿನ ಗಾಳಿ ಹೋದರೆ ಇನ್ನೂ ಕೆಳಗೆ ಬರುತ್ತದೆ. ಜ್ಯಾಕ್ ಅದಕ್ಕಿಂತ ತಗ್ಗಾಗಿರಬೇಕು, ಇಲ್ಲವಾದರೆ ಕೊಂಡು ತಂದದ್ದು ಒಳಗೆ ತೂರುವುದೇ ಇಲ್ಲ. ಮೇಲಿನ ಎತ್ತರ ನಿಮ್ಮ ಸ್ಟ್ಯಾಂಡಿನ ಅತಿ ಕಡಿಮೆ ಎತ್ತರಕ್ಕಿಂತ ಹೆಚ್ಚಿರಬೇಕು. ಇಲ್ಲವಾದರೆ ಕಾರು ಎದ್ದರೂ ಸ್ಟ್ಯಾಂಡ್ ಇಡಲು ಜಾಗ ಸಾಲದು, ಹುಡುಗರು ಮತ್ತೆ ಇಟ್ಟಿಗೆಯತ್ತ ಕೈಚಾಚುತ್ತಾರೆ. ಮನೆಯಿಂದ ಹೊರಡುವ ಮುನ್ನವೇ ಕಾರಿನ ಬದಿಯ ಎತ್ತರವನ್ನು ಹೊಲಿಗೆಯ ಟೇಪಿನಿಂದ ಅಳೆದು ಚೀಟಿಯಲ್ಲಿ ಬರೆದುಕೊಳ್ಳಿ.

ಮೂರನೆಯದು ಇಳಿಸುವ ವಾಲ್ವ್. ಅಂಗಡಿಯವರ ಗಾಡಿಯನ್ನೇ ಎತ್ತಿಸಿ ನೋಡಿ. ಹತ್ತು ನಿಮಿಷ ಹಾಗೇ ಬಿಡಿಸಿ. ಕಾರು ಕೂದಲೆಳೆಯಷ್ಟೂ ಇಳಿಯಬಾರದು. ಆಮೇಲೆ ಹಿಡಿಕೆಯನ್ನು ಮೆಲ್ಲಗೆ ತಿರುಗಿಸಿದಾಗ ಕಾರು ಮೆಲ್ಲಗೆ ಇಳಿಯಬೇಕು, ದೊಪ್ಪೆಂದು ಬೀಳಬಾರದು. ಹೆಚ್ಚು ಭಾರ ಹಾಕಿದರೆ ಎತ್ತದೆ ನಿಲ್ಲುವ ರಕ್ಷಣಾ ವಾಲ್ವ್ ಇದೆಯೇ ಎಂದೂ ಕೇಳಿ.

ನಾಲ್ಕನೆಯದು ಬಟ್ಟಲು ಮತ್ತು ಚಕ್ರ. ಬಟ್ಟಲಿನ ಮೇಲೆ ರಬ್ಬರಿನ ಹೊದಿಕೆ ಇದ್ದರೆ ಕಾರು ಜಾರುವುದು ಕಡಿಮೆ, ತಗಡು ನುಗ್ಗಾಗುವುದೂ ಕಡಿಮೆ. ಚಕ್ರಗಳು ಸಲೀಸಾಗಿ ತಿರುಗಬೇಕು. ಏಕೆಂದು ಈಗ ನಿಮಗೆ ಗೊತ್ತು.

ಐದನೆಯದು ಅದರದೇ ತೂಕ ಮತ್ತು ರಿಪೇರಿ. 2 ಟನ್ನಿನ ಚಿಕ್ಕದನ್ನು ಒಬ್ಬರೇ ಎತ್ತಿಡಬಹುದು. 3 ಟನ್ನಿನ ದೊಡ್ಡದು ಅಕ್ಕಿಯ ಪಾಕೀಟಿನಷ್ಟು ಭಾರವಿರುತ್ತದೆ. ಒಳಗಿನ ರಬ್ಬರಿನ ಬಳೆಗಳು ಬಿಡಿಯಾಗಿ ಗಂಗಾವತಿಯಲ್ಲೋ ಹೊಸಪೇಟೆಯಲ್ಲೋ ಹುಬ್ಬಳ್ಳಿಯಲ್ಲೋ ಸಿಗುತ್ತವೆಯೇ ಎಂದು ಕೇಳಿ. ಎಣ್ಣೆ ಕಡಿಮೆಯಾದರೆ ಜ್ಯಾಕಿಗೆ ಹೇಳಿದ ಹೈಡ್ರಾಲಿಕ್ ಎಣ್ಣೆಯನ್ನೇ ಹಾಕಬೇಕು. ಮನೆಯಲ್ಲಿದೆ ಎಂದು ಬ್ರೇಕ್ ಆಯಿಲ್ ಹಾಕಿದರೆ ರಬ್ಬರ್ ಕೆಡುತ್ತದೆ. ಕೆಲಸ ಮುಗಿದ ಮೇಲೆ ಜ್ಯಾಕನ್ನು ಪೂರ್ತಿ ಇಳಿಸಿಯೇ ಇಡಿ, ಒಳಗಿನ ಕಂಬಕ್ಕೆ ತುಕ್ಕು ಹಿಡಿಯುವುದಿಲ್ಲ.

ಇನ್ನು ಹಣದ ಮಾತು. ಜ್ಯಾಕಿಗೆಂದು ಎತ್ತಿಟ್ಟ ಹಣದಲ್ಲಿ ಮೊದಲು ಸ್ಟ್ಯಾಂಡಿನ ಜೋಡಿ ಮತ್ತು ಅಡ್ಡೆಗಳನ್ನು ತನ್ನಿ. ಉಳಿದದ್ದರಲ್ಲಿ ಬರುವ ಜ್ಯಾಕ್ ನಿಮ್ಮ ಜ್ಯಾಕ್. ಉಳಿದದ್ದು ಸಾಲದಿದ್ದರೆ ಇನ್ನು ಎರಡು ತಿಂಗಳು ಕಾಯಿರಿ. ಸ್ಟ್ಯಾಂಡ್ ಇಲ್ಲದ ಒಳ್ಳೆಯ ಜ್ಯಾಕಿಗಿಂತ ಜ್ಯಾಕ್ ಇಲ್ಲದ ಸ್ಟ್ಯಾಂಡ್ ಮೇಲು. ಅದು ಯಾರನ್ನೂ ಕೊಲ್ಲುವುದಿಲ್ಲ.

ಟಾರ್ಚ್ ಹಿಡಿದವರ ಮಾತು

ಎಲ್ಲ ಬಂದ ಮೇಲೆ ಕೆಲಸದ ದಿನ ನೀವು ಅಲ್ಲಿ ನಿಲ್ಲಿ. ಟಾರ್ಚ್ ಬೆಳಗಿಸುವ ಮುನ್ನ ಈ ನಾಲ್ಕು ಪ್ರಶ್ನೆ ಕೇಳಿ. ಚಕ್ರಕ್ಕೆ ಅಡ್ಡೆ ಕೊಟ್ಟಿದ್ದೀಯಾ? ಜ್ಯಾಕನ್ನು ಕಾರಿನ ಪುಸ್ತಕದಲ್ಲಿ ತೋರಿಸಿದ ಗಟ್ಟಿ ಜಾಗಕ್ಕೇ ಹಚ್ಚಿದ್ದೀಯಾ, ಇಂಜಿನಿನ ಎಣ್ಣೆಯ ತಟ್ಟೆಗೋ ಬರೀ ತಗಡಿಗೋ ಹಚ್ಚಿಲ್ಲವಷ್ಟೆ? ಎರಡು ಸ್ಟ್ಯಾಂಡ್ ಇಟ್ಟಿದ್ದೀಯಾ? ಕೆಳಗೆ ಹೋಗುವ ಮುನ್ನ ಕಾರನ್ನು ಕೈಯಿಂದ ಒಮ್ಮೆ ಅಲುಗಿಸಿ ನೋಡಿದೆಯಾ? ಅಲುಗಿಸಿದಾಗ ಬೀಳುವ ಕಾರು ಹೊರಗೆ ನಿಂತಿರುವಾಗಲೇ ಬೀಳಲಿ. ಬಿಚ್ಚಿದ ಚಕ್ರವನ್ನು ಕಾರಿನ ಅಂಚಿನ ಕೆಳಗೆ ಮಲಗಿಸಿಡಿ. ಎಲ್ಲವೂ ಕೈಕೊಟ್ಟರೂ ಅದು ಒಂದಿಷ್ಟು ಜಾಗ ಉಳಿಸುತ್ತದೆ.

ಕಾರಿನೊಳಗೆ ಯಾರೂ ಕೂತಿರಬಾರದು. ಮಕ್ಕಳು ಅಂಗಳದಿಂದ ದೂರವಿರಲಿ, ಜ್ಯಾಕಿನ ಹಿಡಿಕೆ ಅವರ ಕೈಗೆ ಸಿಗದಿರಲಿ. ಒಬ್ಬರೇ ಇರುವಾಗ ಯಾರೂ ಕಾರಿನ ಕೆಳಗೆ ಹೋಗಬಾರದು. ಕಾರು ಜಾರಲು ತೊಡಗಿದರೆ ಅದನ್ನು ಹಿಡಿಯಲು ಹೋಗಬೇಡಿ, ಕೂಗಿ ದೂರ ಸರಿಯಿರಿ. ದೇವರು ಕಾಯಲಿ, ಯಾರಾದರೂ ಸಿಕ್ಕಿಕೊಂಡರೆ ಎಳೆದಾಡಬೇಡಿ. ಅದೇ ಜ್ಯಾಕನ್ನು ಗಟ್ಟಿ ಜಾಗಕ್ಕೆ ಹಚ್ಚಿ ಕಾರನ್ನು ಎತ್ತಬೇಕು, ಇನ್ನೊಬ್ಬರು 108ಕ್ಕೆ ಕರೆ ಮಾಡಬೇಕು. ಆದ್ದರಿಂದ ಪಂಪ್ ಮಾಡುವುದನ್ನು ನೀವೂ ಒಮ್ಮೆ ಕಲಿತಿರಿ. ಅದಕ್ಕೆ ಗಂಡಸರ ಬಲವೇನೂ ಬೇಡ, ಆ ಬಲವನ್ನು ಎಣ್ಣೆ ಕೊಡುತ್ತದೆ.

"ಇಷ್ಟೆಲ್ಲ ಯಾಕೆ ಅಮ್ಮಿ, ಐದು ನಿಮಿಷದ ಕೆಲಸ, ಅಲ್ಲಾಹನಿದ್ದಾನೆ" ಎಂದು ಮಗ ನಗಬಹುದು. ಅಲ್ಲಾಹನಿದ್ದಾನೆ, ಸಂಶಯವಿಲ್ಲ. ಆದರೆ ಒಂಟೆಯನ್ನು ಕಟ್ಟದೆ ತವಕ್ಕುಲ್ ಎನ್ನುವುದು ನಮಗೆ ಕಲಿಸಿದ ತವಕ್ಕುಲ್ ಅಲ್ಲ. ಮಗನಿಗೆ ಆ ಪಾಠ ನೆನಪಿಸಿ. ಅಡ್ಡೆ ಮತ್ತು ಸ್ಟ್ಯಾಂಡ್ ನಮ್ಮ ಒಂಟೆಯ ಹಗ್ಗ.

ಯಲಬುರ್ಗಾದ ಆ ತಾಯಿಗೆ ನಾನು ಕೇಳಿದ ಮೊದಲ ಪ್ರಶ್ನೆ, "ನಿಮ್ಮ ಅಂಗಳ ಯಾವ ಮಣ್ಣಿನದು?" ಎಂದು. ಅವರು ಅರೆಕ್ಷಣ ಸುಮ್ಮನಾಗಿ, "ಎರೆಮಣ್ಣು ಟೀಚರ್, ಮುಂದೆ ನಾಲ್ಕು ಕಲ್ಲು ಹಾಸಿದೆ" ಎಂದರು. "ಹಾಗಾದರೆ ಈ ವರ್ಷ ಜ್ಯಾಕ್ ಬೇಡ. ಗ್ಯಾರೇಜಿಗೇ ಕಳಿಸಿ. ಆ ಹಣದಲ್ಲಿ ಮೊದಲು ಕಾರು ನಿಲ್ಲುವಷ್ಟು ಕಾಂಕ್ರೀಟ್ ಹಾಕಿಸಿ. ಮುಂದಿನ ವರ್ಷ ಸ್ಟ್ಯಾಂಡ್, ಆಮೇಲೆ ಜ್ಯಾಕ್" ಎಂದೆ. ದಾರಿಯಲ್ಲಿ ಪಂಕ್ಚರ್ ಆದರೆ ಕಂಪೆನಿ ಕೊಟ್ಟ ಜ್ಯಾಕ್ ಸಾಕು, ಅದಕ್ಕೆ ಕಾರಿನ ಕೆಳಗೆ ಹೋಗಬೇಕಾಗಿಲ್ಲ.

ಮಗನಿಗೆ ಸಿಟ್ಟು ಬಂದಿರಬಹುದು. ಬರಲಿ. ಬೇಡವೆಂದು ನೀವು ಹೇಳುವುದು ಅವನ ಕೈಕೆಲಸಕ್ಕಲ್ಲ, ಆ ನೆಲಕ್ಕೆ. ಕೈಕೆಲಸ ಕಲಿಯುವ ಮಗ ಮನೆಗೆ ಆಸ್ತಿ. ಅವನ ಹತ್ತೂ ಬೆರಳುಗಳು ಕೂಡಿ ಆ ಕೆಲಸ ಮಾಡಲಿ.

ಈ ತಿಂಗಳು ಯಾರಾದರೂ ನಿಮ್ಮನ್ನು "ಕೆಳಗೆ ಇಡಲು ಏನಾದರೂ ಕೊಡು" ಎಂದು ಕೇಳಿದರೆ, ಹಿತ್ತಲಿಗೆ ಹೋಗುವ ಮುನ್ನ ಒಂದು ಗಳಿಗೆ ನಿಲ್ಲಿ. 2007ರಲ್ಲಿ ನಾನು ನಿಲ್ಲಲಿಲ್ಲ.